ಮೂರೂ ಪೆಂಡಾಲಿನ ಅಕ್ಕಿಕಾಳು

ರೇಷ್ಮಾ ಮತ್ತು ಯಲ್ಲೇಶರ ಮದುವೆ ಮುಕ್ಕಾಲು ಭಾಗ ಮಾತ್ರ ಆಗಿದೆ ಎಂದು ಎರೆಕೊಪ್ಪದಲ್ಲಿ ಎಲ್ಲರೂ ನಂಬಿದ್ದರು. ಉಳಿದ ಕಾಲು ಭಾಗ ಎಲ್ಲಿ ಹೋಯಿತು ಎಂದು ಕೇಳಿದರೆ ಎಲ್ಲರ ಬೆರಳೂ ನವಲಗುಂದದ ಕಡೆ ತಿರುಗುತ್ತಿತ್ತು. ಅಲ್ಲಿ ಬಸ್‌ಸ್ಟ್ಯಾಂಡಿನ ಬಾಜು ಅಲ್ಲಾವುದ್ದೀನನ ಮೈಕ್ ಸೆಟ್ ಅಂಗಡಿ ಇತ್ತು.

ಆದದ್ದು ಇಷ್ಟೇ. ಎರೆಕೊಪ್ಪದ ಮಠದಲ್ಲಿ ವರ್ಷಕ್ಕೊಮ್ಮೆ ಸಾಮೂಹಿಕ ಮದುವೆ. ಜೋಡಿಗಳು ಹೆಚ್ಚಾಗಿ ಮಠದ ಅಂಗಳ ಸಾಲದೆ, ರಸ್ತೆಯಾಚೆ ಶಾಲೆಯ ಬಯಲಿನಲ್ಲಿ ಎರಡನೇ ಪೆಂಡಾಲು, ಅದಕ್ಕೂ ಆಚೆ ಹತ್ತಿ ಗೋದಾಮಿನ ಮುಂದೆ ಮೂರನೇ ಪೆಂಡಾಲು. ಮಂಗಲಾಷ್ಟಕ ಹೇಳುವ ಅಯ್ಯನವರು ಒಬ್ಬರೇ, ಮಠದ ವೇದಿಕೆಯಲ್ಲಿ. ಉಳಿದ ಎರಡಕ್ಕೆ ಅಲ್ಲಾವುದ್ದೀನನ ವಾಯರು. ಎಂಟು ಶ್ಲೋಕ, ಎಂಟು ‘ಸಾವಧಾನ’. ಮೊದಲಿನ ಏಳಕ್ಕೆ ನಾಲ್ಕು ನಾಲ್ಕು ಅಕ್ಕಿಕಾಳು, ಎಂಟನೆಯದಕ್ಕೆ ಮುಷ್ಟಿ ಪೂರ್ತಿ ಬಿಚ್ಚಿ ತೂರುವುದು. ಆಗಲೇ ತಾಳಿ, ಆಗಲೇ ಬ್ಯಾಂಡು. ಕಳೆದ ವರ್ಷ ಐದನೇ ಶ್ಲೋಕದ ಹೊತ್ತಿಗೆ ಹತ್ತಿ ಹೇರಿಕೊಂಡ ಟ್ರ್ಯಾಕ್ಟರೊಂದು ಬಂದು ರಸ್ತೆಯ ಮೇಲೆ ಗೋದಾಮಿಗೆಂದು ಬೇರೆ ಎಳೆದಿದ್ದ ವಾಯರನ್ನು ಕೊರಳಿಗೆ ಹಾರ ಹಾಕಿಕೊಂಡಂತೆ ಎಳೆದುಕೊಂಡು ಹೋಯಿತು. ಮೂರನೇ ಪೆಂಡಾಲು ಮೂಕವಾಯಿತು. ಜನ ಬೆರಳು ಮಡಚಿ ಎಣಿಸಿದರು, ಗೋಧಿ ಹುಗ್ಗಿಯ ವಾಸನೆ ಬೇರೆ ಬರುತ್ತಿತ್ತು. ದೂರದಿಂದ ತೇಲಿ ಬಂದ ಆರನೆಯ ಸಾವಧಾನಕ್ಕೆ ಯಾರೋ ಹಸಿದ ಹಿರಿಯರು “ಆತು, ಇದ ಕಡೀದು” ಅಂದರು. ಮುಷ್ಟಿಗಳು ಬಿಚ್ಚಿದವು, ತಾಳಿ ಬಿತ್ತು, ಬ್ಯಾಂಡು ಶುರುವಾಯಿತು. ಮಠದಲ್ಲಿ ಅಯ್ಯನವರು ಏಳನೇ ಶ್ಲೋಕಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದರು.

ಆ ಪೆಂಡಾಲಿನಲ್ಲಿ ಮೂರು ಜೋಡಿ ಇದ್ದವು. ಎರಡು ಮನೆಯವರು ಹೊಟ್ಟೆಗೆ ಹಾಕಿಕೊಂಡು ಸುಮ್ಮನಾದರು. ಮೂರನೆಯದು ದುರ್ಗವ್ವನ ಮಗಳದು. ದುರ್ಗವ್ವ ಯಾವುದನ್ನೂ ಹೊಟ್ಟೆಗೆ ಹಾಕಿಕೊಂಡವಳಲ್ಲ, ಎಲ್ಲವನ್ನೂ ಬಾಯಿಗೇ ಹಾಕಿಕೊಂಡವಳು. ಮಗಳು ರೇಷ್ಮಾ ಮತ್ತು ಅಳಿಯ ಯಲ್ಲೇಶ ವಾರಕ್ಕೆರಡು ಸಲ ಜಗಳವಾಡುತ್ತಿದ್ದರು. ಯಾವ ಹೊಸ ಜೋಡಿ ಆಡುವುದಿಲ್ಲ? ಆದರೆ ಇವರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ, ಎಮ್ಮೆ ಒದ್ದರೂ, ಯಲ್ಲೇಶ ತಡವಾಗಿ ಬಂದರೂ ಕಾರಣ ಒಂದೇ: ಎರಡು ಸಾವಧಾನ ಕಡಿಮೆ ಬಿದ್ದಿವೆ. ವರ್ಷವಿಡೀ ಅಲ್ಲಾವುದ್ದೀನ ತಾನು ಕಾಣದ ಮನೆಯ ಜಗಳಕ್ಕೆ ಬೈಸಿಕೊಂಡ.

ಈಗ ಮತ್ತೆ ಮದುವೆಯ ಕಾಲ ಬಂದಿತ್ತು. ದುರ್ಗವ್ವನ ಎರಡನೇ ಮಗಳು ಸವಿತಾಳ ಹೆಸರು ಮೂರನೇ ಪೆಂಡಾಲಿನ ಪಟ್ಟಿಯಲ್ಲಿತ್ತು. ದುರ್ಗವ್ವ ಸಂತೆಗೆಂದು ನವಲಗುಂದಕ್ಕೆ ಬಂದವಳು ನೇರ ಅಂಗಡಿಯ ಮೆಟ್ಟಿಲು ಹತ್ತಿದಳು. ಜೊತೆಗೆ ಮದುವೆ ಕಮಿಟಿಯ ಅಧ್ಯಕ್ಷ ಪುಂಡಲೀಕ, ಎಳೆದು ತಂದ ಸಾಕ್ಷಿಯಂತೆ.

“ಅಲ್ಲಾವುದ್ದೀನಣ್ಣಾ, ಒಬ್ಬಾಕಿ ಮದುವಿ ನುಂಗಿದಿ. ಇನ್ನೊಬ್ಬಾಕೀದೂ ನುಂಗಬೇಕಂತ ಮಾಡೀಯೇನು?” ಎಂದಳು ದುರ್ಗವ್ವ.

“ಅಕ್ಕಾ, ವಾಯರ್ ಹರಿದಾವ ಟ್ರ್ಯಾಕ್ಟರ್‌ನವ.”

“ಟ್ರ್ಯಾಕ್ಟರ್‌ನವಗ ನಾ ಎಲಿ ಅಡಕಿ ಕೊಟ್ಟಿರ್ಲಿಲ್ಲ. ನಿನಗ ಕೊಟ್ಟಿದ್ದೆ.”

ಪುಂಡಲೀಕ ಕೆಮ್ಮಿದ. “ಈ ಸಲ ರಸ್ತಾದ ಮ್ಯಾಲೆ ವಾಯರ್ ಹಾಕಾಕ ಪಂಚಾಯ್ತಿಯವರು ಬಿಡೂದಿಲ್ಲ. ಹುಬ್ಬಳ್ಳಿ ಕಡಿ ಒಬ್ಬಾವ ಬಂದಿದ್ದ. ವಾಯರ್ ಇಲ್ಲದ ಮೂರೂ ಕಡೆ ಒಮ್ಮೆಲೆ ಆವಾಜ್ ಬರೂ ಹಂಗ ಮಾಡ್ತೀನಿ ಅಂದ. ಅದಕ್ಕ ಪರದೇಶದ ಡಬ್ಬಿ ಬೇಕಂತ, ಅದರ ಹೊಟ್ಟ್ಯಾಗ ಗಡಿಯಾರ ಇರ್ತೈತಂತ. ನಿನ್ನ ಹಂತ್ಯಾಕ ಅಂಥಾದ್ದು ಐತೇನು?”

ಅಲ್ಲಾವುದ್ದೀನನ ಹತ್ತಿರ ಇದ್ದದ್ದು ನಾಲ್ಕೂರಿಗೆ ಕೇಳುವ ಎಂಟು ಹಾರ್ನು ಮತ್ತು ಇಪ್ಪತ್ತೆರಡು ವರ್ಷದ ಹೆಸರು. ಹೆಸರು ಈಗ ಹಾರ್ನಿಗಿಂತ ಜೋರಾಗಿ, ಕೆಟ್ಟದ್ದಾಗಿ ಕೇಳುತ್ತಿತ್ತು. ಮದುವೆಯೊಂದು ಕೈಬಿಟ್ಟರೆ ಸುತ್ತಲಿನ ಹಳ್ಳಿಯವರು ಯಾರೂ ಇನ್ನು ತನ್ನನ್ನು ಕರೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆಗ ಅಂಗಡಿಯ ಒಳಗಿನಿಂದ ಮಗಳು ಶಬನಮ್ ಹೊರಬಂದಳು.

“ಡಬ್ಬಿ ಬ್ಯಾಡ್ರಿ ಕಾಕಾ,” ಎಂದಳು ಪುಂಡಲೀಕನಿಗೆ. “ಇದ್ದದ್ದರಾಗ ಮಾಡಬಹುದು. ಬರೇ ಸಾಫ್ಟ್‌ವೇರ್.”

ಶಬನಮ್ ಇಂಜಿನಿಯರಿಂಗ್ ಓದಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದಳು. ತಂದೆಗೆ ಅವಳ ಓದಿನ ಬಗ್ಗೆ ಬಹಳ ಹೆಮ್ಮೆ, ಅದು ತನ್ನ ಅಂಗಡಿಯ ಹೊಸ್ತಿಲು ದಾಟದಿರುವ ತನಕ.

“ಲಕ್ಷಗಟ್ಟಲೆ ರೊಕ್ಕದ ಡಬ್ಬಿ ಮಾಡೂ ಕೆಲಸಾ ನಿನ್ನ ಹಳೇ ಲ್ಯಾಪ್‌ಟಾಪ್ ಮಾಡ್ತೈತೇನು?” ಎಂದು ಅಲ್ಲಾವುದ್ದೀನ ಗದರಿದ.

“ಮೂರು ಹಳೇ ಲ್ಯಾಪ್‌ಟಾಪ್ ಮಾಡ್ತಾವ,” ಎಂದಳು ಶಬನಮ್ ತಂದೆಗೆ. “ಅಬ್ಬಾ, ಲಗ್ನಪತ್ರಿಕಿ ಕೊಟ್ಟಾಗ ಏನಾಗ್ತೈತಿ? ಒಬ್ರು ಅಣ್ಣಿಗೇರಿಯಿಂದ ಬೆಳಿಗ್ಗೇನ ಬಂದು ಕುಂಡರ್ತಾರ. ಒಬ್ರು ಕುಂದಗೋಳದಿಂದ ಬಸ್ಸು ತಪ್ಪಿಸ್ಕೊಂಡು ಕಡೀಗೆ ಬರ್ತಾರ. ಆದ್ರ ಅಕ್ಕಿಕಾಳು ಎಲ್ಲಾರೂ ಒಮ್ಮೆಲೆ ಹಾಕ್ತಾರ. ಯಾಕ?”

“ಪತ್ರಿಕ್ಯಾಗ ಟೈಮ್ ಬರದಿರ್ತೈತಿ,” ಎಂದಳು ದುರ್ಗವ್ವ, ಕೇಳಿದ್ದು ತನ್ನನ್ನಲ್ಲದಿದ್ದರೂ.

“ಹೌದ್ರಿ ಅತ್ತಿ. ನಾನೂ ಅಯ್ಯನವರ ಒಂದೊಂದು ಮಾತಿಗೂ ಒಂದು ಪತ್ರಿಕಿ ಅಂಟಿಸಿ ಕಳಸ್ತೀನಿ. ‘ಇಷ್ಟು ಗಂಟೆ, ಇಷ್ಟು ಸೆಕೆಂಡಿಗೆ ಬಾಯಿ ಬಿಡು’ ಅಂತ. ಮಾತು ವೈಫೈದಾಗ ಮುಂಚೆ ಬಂದ್ರ ಕುಂತು ಕಾಯ್ತೈತಿ. ಟೈಮ್ ಆದ ಮ್ಯಾಲೆ ಮೂರೂ ಕಡೆ ಒಮ್ಮೆಲೆ ಹೊರಗ ಬರ್ತೈತಿ. ಕಡೀ ಬಸ್ಸಿನ ಮಾತೂ ಮುಟ್ಟಲಿ ಅಂತ ಒಂದು ಸೆಕೆಂಡು ತಡಾ ಇಡ್ತೀನಿ. ಮೂರೂ ಕಡೆ ಅದ ಒಂದು ಸೆಕೆಂಡು.”

“ಮತ್ತ ಗಡಿಯಾರ? ಡಬ್ಬ್ಯಾಗ ಗಡಿಯಾರ ಇರ್ತೈತಿ ಅಂದ ಅಂವ,” ಎಂದ ಪುಂಡಲೀಕ.

“ಲ್ಯಾಪ್‌ಟಾಪಿನ್ಯಾಗೂ ಐತ್ರಿ. ಆದ್ರ ಒಂದೊಂದು ಒಂದೊಂದು ನಮೂನಿ ಸುಳ್ಳು ಹೇಳ್ತೈತಿ. ನನ್ನ ಸಾಫ್ಟ್‌ವೇರ್ ಘಳಿಗಿಗೊಮ್ಮೆ ‘ಈಗೆಷ್ಟು, ಈಗೆಷ್ಟು’ ಅಂತ ಕೇಳಿ ಕೇಳಿ ಯಾರ ಸುಳ್ಳು ಎಷ್ಟು ಅಂತ ಲೆಕ್ಕಾ ಹಿಡದು ತಿದ್ದತೈತಿ.”

ದುರ್ಗವ್ವನಿಗೆ ಇದು ಹಿಡಿಸಿತು. ಸುಳ್ಳು ಹಿಡಿಯುವ ಕೆಲಸವನ್ನು ಆಕೆ ಜೀವಮಾನವಿಡೀ ಕೈಯಿಂದಲೇ ಮಾಡಿದ್ದಳು. “ಆತು. ಹುಡುಗಿ ಮಾತಿನ ಮ್ಯಾಲೆ ಬಿಡ್ತೀನಿ,” ಎಂದು ಎದ್ದಳು. ಮೆಟ್ಟಿಲ ಬಳಿ ತಿರುಗಿ ನಿಂತಳು. “ಆದ್ರ ಅಣ್ಣಾ, ಮೂರನೇ ಪೆಂಡಾಲ್ ಈ ಸಲಾನೂ ಹಿಂದ ಬಿತ್ತಂದ್ರ, ನಿನ್ನ ಅಂಗಡಿ ಮುಂದ ಬಂದು ಕುಂಡರ್ತೀನಿ. ಮೈಕ್ ಇಲ್ಲದ ಬೈತೀನಿ.”

ಮೈಕ್ ಇಲ್ಲದ ದುರ್ಗವ್ವನ ಶಕ್ತಿ ಎಷ್ಟು ವ್ಯಾಟಿನದು ಎಂದು ಅಲ್ಲಾವುದ್ದೀನನಿಗೆ ಕಸುಬಿನಿಂದಲೇ ಅಂದಾಜಿತ್ತು.

ಮದುವೆಯ ಹಿಂದಿನ ದಿನ ಸಿದ್ಧತೆ ನಡೆಯಿತು. ಮಠ, ಶಾಲೆ, ಗೋದಾಮು, ಮೂರರ ತಲೆಯ ಮೇಲೂ ಕೇಬಲ್ ಟಿವಿಯವನ ಹಳೆಯ ವೈಫೈ ಡಬ್ಬಿಗಳನ್ನು ಕೋಲಿಗೆ ಕಟ್ಟಿ ನಿಲ್ಲಿಸಿದರು. ಹಾರ್ನು ಬೇಡ, ಚಿಕ್ಕ ಬಾಕ್ಸುಗಳೇ ಸಾಕು, ಒಂದು ಪೆಂಡಾಲಿನ ದನಿ ಇನ್ನೊಂದಕ್ಕೆ ಹೋಗಿ ಗೊಂದಲ ಮಾಡಬಾರದು ಎಂದಳು ಶಬನಮ್. ಹಾರ್ನಿಲ್ಲದ ಮೈಕ್ ಸೆಟ್ಟೇ? ಅಲ್ಲಾವುದ್ದೀನನಿಗೆ ಪೇಟ ಇಲ್ಲದೆ ಮೆರವಣಿಗೆಯಲ್ಲಿ ಹೋದಂತಾಯಿತು. ಮಗಳು ನೋಡದಿದ್ದಾಗ ಒಂದು ಹಾರ್ನನ್ನು ಟೆಂಪೋದಲ್ಲಿ ಗೋಣಿಚೀಲ ಹೊದಿಸಿ ತಂದಿಟ್ಟುಕೊಂಡ, ಮನಸ್ಸಿನ ಸಮಾಧಾನಕ್ಕೆ.

ಪರೀಕ್ಷೆಗೆ ತಾನೇ ಮೈಕ್ ಮುಂದೆ ನಿಂತು “ಹಲೋ, ಹಲೋ, ಚೆಕ್” ಎಂದ. ಶಬನಮ್ ಅದನ್ನೇ ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ನುಡಿಸಿದಳು. ಅವನು ಶಾಲೆಗೂ ಗೋದಾಮಿಗೂ ಸರೀ ನಡುವೆ ಹೋಗಿ ನಿಂತು ಕಿವಿಗೊಟ್ಟ. ಎರಡೂ ಕಡೆಯಿಂದ ಒಂದೇ ಗಂಟಲು ಬಂತು. ಹಲೋಗಳು ಎರಡಿರಲಿಲ್ಲ, ಒಂದೇ. ಇಪ್ಪತ್ತೆರಡು ವರ್ಷದಲ್ಲಿ ತನ್ನ ದನಿ ಇಷ್ಟು ಸ್ವಚ್ಛವಾಗಿ ಅವನು ಕೇಳಿರಲಿಲ್ಲ. ಖುಷಿಯಾಯಿತು, ಆದರೆ ಮಗಳಿಗೆ ಹೇಳಲಿಲ್ಲ. “ಇರಲಿ, ನಾಳೆ ನೋಡೂಣು,” ಎಂದಷ್ಟೇ ಅಂದ.

ಮದುವೆಯ ದಿನದ ಮೊದಲ ಗಂಡಾಂತರ ಪುಂಡಲೀಕನಿಂದಲೇ ಬಂತು. ಎರೆಕೊಪ್ಪದಲ್ಲಿ ಮನೆಗೆ ಬಂದವರಿಗೆ ನೀರು ಬೆಲ್ಲ ಕೊಡದೆ ಮಾತಾಡಿಸುವುದಿಲ್ಲ. ಅತಿಥಿಗಳೆಲ್ಲ ಕೂತ ಮೇಲೆ ಅವನು ಮೈಕು ಹಿಡಿದು, “ಬಂದಂಥಾ ಬೀಗರಿಗೆಲ್ಲಾ ಶರಣು. ಕಮಿಟಿ ವತಿಯಿಂದ ವೈಫೈ ವ್ಯವಸ್ಥಾ ಆಗೇತಿ. ಸಂಕೋಚ ಮಾಡ್ಕೋಬ್ಯಾಡ್ರಿ. ಪಾಸ್‌ವರ್ಡ್ ಹೇಳ್ತೀನಿ, ಬರಕೋರ್ರಿ,” ಎಂದು ಎರಡೆರಡು ಸಲ ಹೇಳಿಬಿಟ್ಟ.

ಅಲ್ಲಾವುದ್ದೀನ ತಲೆಯ ಮೇಲೆ ಕೈ ಹೊತ್ತ. ಮೂರು ಪೆಂಡಾಲಿನ ಜನವೂ ಜೇಬಿನ ಫೋನಿಗೆ ಕೈಹಾಕಿತು; ಅಯ್ಯನವರ ದನಿ ಹೋಗಬೇಕಾದ ದಾರಿಯೂ ಅದೇ ವೈಫೈ. ಶಬನಮ್ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು, ಬೆರಳು ಕೀಲಿಗಳ ಮೇಲೆ ಓಡಿದವು.

“ಏನಾತು? ಎಲ್ಲಾ ಹೋತೇನು?” ಎಂದ ಅಲ್ಲಾವುದ್ದೀನ.

“ಇಲ್ಲ ಅಬ್ಬಾ. ಮದುವಿ ಮಾತಿಗೆ ಮೊದಲನೇ ಪಂಕ್ತಿ ಹಾಕೀನಿ. ಅದು ಹೋದ ಮ್ಯಾಲೆ ಉಳಿದವ್ರದು. ಊಟದ ಪಂಕ್ತಿ ಇದ್ದಂಗ.”

ಹಾಗೇ ಆಯಿತು. ಅಯ್ಯನವರ ದನಿಗೆ ದಾರಿ ಖುಲ್ಲಾ ಇತ್ತು. ಬೀಗರ ರೀಲ್ಸುಗಳು ಮಾತ್ರ ಗಾಣದೆತ್ತಿನಂತೆ ಇದ್ದಲ್ಲೇ ಸುತ್ತುತ್ತ ಉಳಿದವು. ಎರೆಕೊಪ್ಪದ ವೈಫೈ ಭಾಳ ನಿಧಾನ ಎಂದು ಬೀಗರು ಮೂಗು ಮುರಿದರು. ಆ ಅಪಮಾನ ಪುಂಡಲೀಕನದು, ಅಲ್ಲಾವುದ್ದೀನನಿಗೆ ಸಂಬಂಧವಿಲ್ಲ.

ಎರಡನೇ ಗಂಡಾಂತರ ಯಾರೂ ಎಣಿಸಿರದ ಕಡೆಯಿಂದ ಬಂತು. ಮುಹೂರ್ತ ಹನ್ನೆರಡೂ ಮೂವತ್ತೆರಡಕ್ಕೆ ಮುಗಿಯಬೇಕು. ಹತ್ತು ನಿಮಿಷ ಮೊದಲು ಸಿದ್ಧಾರೂಢ ಅಯ್ಯನವರು ಮೈಕ್ ಮುಂದೆ ಕೂತರು. ಸುತ್ತಮುತ್ತ ಅವರಷ್ಟು ವೇಗವಾಗಿ ಮಂಗಲಾಷ್ಟಕ ಹೇಳುವವರಿಲ್ಲ. ಮದುವೆ ಸೀಸನ್ನಿನಲ್ಲಿ ದಿನಕ್ಕೆ ನಾಲ್ಕು ಮುಗಿಸುವ ಗಂಟಲು ಅದು. ಮೊದಲ ಸಾಲು ಹೇಳಿದರು. ಒಂದು ಸೆಕೆಂಡು ಬಿಟ್ಟು ಅದೇ ಸಾಲು ಬಾಕ್ಸಿನಿಂದ ಅವರ ಕಿವಿಗೇ ವಾಪಸು ಬಂತು. ಅಯ್ಯನವರು ಬೆಚ್ಚಿ ನಿಲ್ಲಿಸಿದರು. ಯಾರೋ ತಮ್ಮ ಬೆನ್ನು ಹತ್ತಿದ್ದಾರೆ ಎನಿಸಿ ಮುಂದಿನ ಸಾಲು ಹೇಳಹೋದರು. ಹಿಂದಿನದು ಬಂದು ಅಡ್ಡಬಿತ್ತು. “ಗಂ... ಗಂ... ಗಂಗಾ...” ಎಂದು ನಾಲಿಗೆ ತೊಡರಿತು. ಆ ತೊದಲೂ ಒಂದು ಸೆಕೆಂಡು ಬಿಟ್ಟು ಶಿಸ್ತಾಗಿ ಮೂರೂ ಪೆಂಡಾಲಿನಲ್ಲಿ ಮೊಳಗಿತು.

ಹಿಂದಿನ ದಿನ ಅಲ್ಲಾವುದ್ದೀನ ಬರೀ ಹಲೋ ಅಂದಿದ್ದ. ಹಲೋ ಅನ್ನುವವನು ಅಷ್ಟಂದು ಸುಮ್ಮನಾಗುತ್ತಾನೆ, ತನ್ನ ಮಾತಿನ ಮೇಲೆ ತಾನೇ ಮುಗ್ಗರಿಸುವುದಿಲ್ಲ.

“ಏ, ಅಯ್ಯನವರ ನಾಲಿಗಿ ಹಿಡಕೊಂತು!” ಎಂದು ಯಾರೋ ಕೂಗಿದರು. ಪುಂಡಲೀಕ ಓಡಿಬಂದ. “ಲೇ ಅಲ್ಲಾವುದ್ದೀನ, ಏನ್ ಮಾಟಾ ಮಾಡಿಯೋ ಇದು! ಮುಹೂರ್ತ ಮೀರ್ತೈತಿ. ಮೊದಲಿನಂಗ ಮಠದಾಗ ನೇರ ವಾಯರ್ ಜೋಡಸು. ಮಠದ್ದಾದ್ರೂ ಸುಸೂತ್ರ ಆಗಲಿ.”

ಅಲ್ಲಾವುದ್ದೀನನ ಕೈ ಆಗಲೇ ವಾಯರಿನ ಮೇಲಿತ್ತು. ಇಪ್ಪತ್ತೆರಡು ವರ್ಷದ ಕೈ ಅದು, ಅದಕ್ಕೆ ಯಾರೂ ಹೇಳಬೇಕಿರಲಿಲ್ಲ. ಮೈಕನ್ನು ಲ್ಯಾಪ್‌ಟಾಪಿನಿಂದ ಕಿತ್ತು ನೇರ ಬಾಕ್ಸಿಗೆ ಕೊಟ್ಟರೆ ಅಯ್ಯನವರ ದನಿ ಅವರಿಗೆ ತಕ್ಷಣ ಕೇಳುತ್ತದೆ, ತೊದಲು ಹೋಗುತ್ತದೆ.

“ಅಬ್ಬಾ,” ಎಂದಳು ಶಬನಮ್ ಮೆಲ್ಲಗೆ. “ಅದನ್ನ ಜೋಡಿಸಿದ್ರ ಮಠ ಮುಂದ ಹೋಗ್ತೈತಿ. ಉಳಿದ ಎರಡೂ ಹಿಂದ ಬೀಳ್ತಾವ.”

ಗೋದಾಮಿನ ಮುಂದೆ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಕೂತ ದುರ್ಗವ್ವ ಅವನ ಕಣ್ಣ ಮುಂದೆ ಬಂದಳು. ಮತ್ತೆ ಹಿಂದೆ. ಮಠದವರು ದೊಡ್ಡವರು, ಅವರದು ಸುಸೂತ್ರ ಆಗಲಿ, ಗೋದಾಮಿನವರದು ಹೇಗಾದರೂ ಆಗಲಿ ಎಂದು ಕಳೆದ ವರ್ಷವೂ ಯಾರೋ ಅಂದಿರಬೇಕು. ಅವನಿಗೆ ಸಿಟ್ಟು ಬಂತು. ವಾಯರು ಬಿಟ್ಟ.

ಹಿಂದೆ ಸರಿದಾಗ ಜಾಕೀಟಿನ ಜೇಬಿಗೆ ಕೈ ತಾಗಿತು. ಶುಕ್ರವಾರಕ್ಕೊಮ್ಮೆ ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಳ್ಳುವ ರೂಢಿ ಅವನದು. ಅತ್ತರಿನ ಶೀಸೆ, ಹತ್ತಿಯ ಸುರುಳಿ ಎರಡೂ ಸದಾ ಜೇಬಿನಲ್ಲಿರುತ್ತಿದ್ದವು. ಹತ್ತಿ ತೆಗೆದು ಎರಡು ದಪ್ಪ ಉಂಡೆ ಮಾಡಿದ, ವೇದಿಕೆ ಹತ್ತಿದ.

“ಅಯ್ಯನವರ, ತಪ್ಪು ತಿಳೀಬ್ಯಾಡ್ರಿ. ಇವನ್ನ ಕಿವ್ಯಾಗ ಇಟ್ಕೋರ್ರಿ.”

“ಏನೋ ಇದು? ಅತ್ತರಿನ ವಾಸನಿ ಹೊಡೀತೈತಲ್ಲೋ!”

“ನವಲಗುಂದದ ಹತ್ತೀರಿ. ನಿಮ್ಮ ದನಿ ನೀವು ಕೇಳಬ್ಯಾಡ್ರಿ, ನಾವ ಕೇಳ್ತೀವಿ.”

ಅಯ್ಯನವರು ಗಡಿಯಾರ ನೋಡಿದರು. ಹನ್ನೆರಡೂ ಇಪ್ಪತ್ತಾರು. ಚರ್ಚೆಗೆ ಸಮಯವಿರಲಿಲ್ಲ. ಉಂಡೆಗಳನ್ನು ಒಳಗೆ ತುರುಕಿಕೊಂಡು, ಮೇಲೆ ಶಲ್ಯವನ್ನು ಬಿಗಿಯಾಗಿ ಸುತ್ತಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಹೊರಟಿತು ನೋಡಿ ಗಂಟಲು, ಹುಬ್ಬಳ್ಳಿಯ ನಾನ್‌ಸ್ಟಾಪ್ ಬಸ್ಸಿನಂತೆ! ಒಂದು, ಎರಡು, ಮೂರು. ಪ್ರತಿ ಸಾವಧಾನಕ್ಕೂ ನಾಲ್ಕು ನಾಲ್ಕು ಕಾಳು. ಏಳು ಆಯಿತು. ಶಬನಮ್ ಪರದೆಯಿಂದ ಕಣ್ಣು ಕೀಳಲಿಲ್ಲ. ಎಂಟನೆಯ “ಶುಭಮಂಗಲ ಸಾವಧಾನ” ಬಂತು, ಮುಷ್ಟಿಗಳು ಬಿಚ್ಚಿದವು, ಮಠದ ಬ್ಯಾಂಡು ಢಮ್ ಎಂದಿತು. ಹನ್ನೆರಡೂ ಮೂವತ್ತೊಂದು.

ಅಲ್ಲಾವುದ್ದೀನ ಹೊರಗೆ ಕಿವಿಗೊಟ್ಟ. ಮಠದ ಬ್ಯಾಂಡು ಹೊಡೆದ ಮೇಲೆ, ತುಸು ತಡೆದು, ಶಾಲೆಯ ಬ್ಯಾಂಡಿನ ಸದ್ದು. ಇನ್ನೂ ತುಸು ತಡೆದು, ಗೋದಾಮಿನದು.

ಅವನು ಮಗಳ ಕಡೆ ತಿರುಗಿದ. “ಶಬನಮ್, ಹಿಂದ ಬಿತ್ತು. ಮತ್ತ ಮೂರನೇದ್ದ ಹಿಂದ ಬಿತ್ತು.”

“ಇಲ್ಲ ಅಬ್ಬಾ, ಒಂದಾ ಕ್ಷಣಕ್ಕ ಆಗೇತಿ. ಅವರ ಬ್ಯಾಂಡಿನ ಸಪ್ಪಳ ಗಾಳಿಯಾಗ ನಡಕೋಂತ ಬರಬೇಕಲ್ಲ, ದೂರ ಐತಿ. ಗಾಳಿಗೆ ನನ್ನ ಸಾಫ್ಟ್‌ವೇರ್ ಹತ್ತೂದಿಲ್ಲ.”

ಅವನು ಕೇಳಿಸಿಕೊಳ್ಳಲಿಲ್ಲ. ತನ್ನ ಕಿವಿಗೆ ಕೇಳಿದ್ದನ್ನು ಸುಳ್ಳೆಂದು ಒಪ್ಪುವ ಮೈಕ್ ಸೆಟ್‌ನವನು ಎಲ್ಲಿಯೂ ಇಲ್ಲ. ರಸ್ತೆ ದಾಟಿ, ಶಾಲೆಯ ಬಯಲು ಹಾಯ್ದು, ಗೋದಾಮಿನ ಕಡೆಗೆ ದಾಪುಗಾಲು ಹಾಕಿದ. ಬೈಸಿಕೊಳ್ಳುವುದೇ ಆದರೆ ಅಂಗಡಿ ಮುಂದೆ ಬೇಡ, ಇಲ್ಲಿಯೇ ಆಗಿಹೋಗಲಿ ಎಂದುಕೊಂಡ.

ಪೆಂಡಾಲಿನ ಬಾಯಲ್ಲೇ ದುರ್ಗವ್ವ ಸಿಕ್ಕಳು. ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿದ್ದಳು.

“ಅಕ್ಕಾ, ನಾ ಏನು ಹೇಳಬೇಕಂತ ಬಂದೆ ಅಂದ್ರ...” ಎಂದು ಅಲ್ಲಾವುದ್ದೀನ ತಡವರಿಸಿದ.

“ಏನೂ ಹೇಳಬ್ಯಾಡ. ನನಗ ಕಿವಿ ಇಲ್ಲೇನು? ಎಲ್ಲಾ ಕೇಳೀನಿ,” ಎಂದಳು ದುರ್ಗವ್ವ. ಆಮೇಲೆ ಮುಖವೆಲ್ಲ ನಗೆಯಾಗಿ ಹರಡಿತು. “ನಮ್ದ ಮೊದಲ! ನಮ್ಮ ಬ್ಯಾಂಡ್ ಹೊಡದ ಮ್ಯಾಲೆ ಸಾಲಿದು, ಆಮ್ಯಾಲೆ ಮಠದ್ದು. ಮಠದವರು ಈ ಸಲ ಕಡೀಕ ಬಿದ್ರು! ನನ್ನ ಮಾತಿಗೆ ಬೆಲೆ ಕೊಟ್ಟು ನಮ್ಮನ್ನ ಮುಂದ ಮಾಡಿದ್ಯಲ್ಲೋ ಅಣ್ಣಾ.”

ಅಲ್ಲಾವುದ್ದೀನನಿಗೆ ಈಗ ಮಗಳ ಮಾತು ಅರ್ಥವಾಯಿತು. ನಿಂತಲ್ಲಿ ನಿಂತವರಿಗೆಲ್ಲ ತಮ್ಮದೇ ಮೊದಲು. ಮಠದವರಿಗೆ ಮಠದ್ದು, ಶಾಲೆಯವರಿಗೆ ಶಾಲೆಯದು. ಅವನು ನಿಜ ಹೇಳಲು ಬಾಯಿ ತೆರೆದ. ಆಕೆಯ ಮುಖ ನೋಡಿ ಮುಚ್ಚಿದ. ಹೇಳಬೇಕಾದದ್ದು ಇನ್ನೊಬ್ಬರಿಗೆ ಇತ್ತು: ಸಂಜೆ ಟೆಂಪೋದಲ್ಲಿ ಕೂತಾಗ ಶಬನಮ್‌ಗೆ ಹೇಳಲೇಬೇಕು, ನಿನ್ನ ಕೆಲಸ ಚೊಲೋ ಆತು ಬೇಟಾ ಎಂದು. ಹಾರ್ನಿನ ಗೋಣಿಚೀಲದ ವಿಷಯವೂ ಆಗ ಹೊರಬೀಳುವುದು, ಬೀಳಲಿ.

“ಇಲ್ಲಿ ಬಾ, ನೋಡಿಲ್ಲಿ,” ಎಂದು ದುರ್ಗವ್ವ ಅವನ ತೋಳು ಹಿಡಿದು ಒಳಗೆ ಎಳೆದಳು.

ಸವಿತಾ ಮತ್ತು ಅವಳ ಗಂಡ ಬಾಸಿಂಗ ಕಟ್ಟಿಕೊಂಡು ಹಾರ ಹಾಕಿಕೊಂಡು ನಿಂತಿದ್ದರು. ಅವರ ಸರೀ ಬೆನ್ನ ಹಿಂದೆ ರೇಷ್ಮಾ ಮತ್ತು ಯಲ್ಲೇಶ, ಶಾಲೆಯಲ್ಲಿ ತಪ್ಪಿಗೆ ನಿಲ್ಲಿಸಿದ ಮಕ್ಕಳಂತೆ, ಕೈ ಕೈ ಹಿಡಿದುಕೊಂಡು ನಿಂತಿದ್ದರು. ಬಾಸಿಂಗವಿಲ್ಲ, ಹಾರವಿಲ್ಲ. ಆದರೆ ಇಬ್ಬರ ತಲೆಯ ತುಂಬಾ, ಯಲ್ಲೇಶನ ಮೀಸೆಯಲ್ಲೂ ಅರಿಷಿಣದ ಅಕ್ಕಿಕಾಳು.

“ಹ್ವಾದ ವರ್ಷ ಆರು ಬಿದ್ದಿದ್ವು,” ಎಂದಳು ದುರ್ಗವ್ವ. “ಏಳನೇದ್ದು, ಎಂಟನೇದ್ದು ಬಾಕಿ ಇತ್ತಲ್ಲ. ಇವತ್ತ ಅವೆರಡಕ್ಕ ನಿಲ್ಲಿಸಿ ಅರ್ಧಾ ಮುಷ್ಟಿ ಇವರ ಮ್ಯಾಲೂ ಹಾಕಿದೆ. ಈಗ ಪೂರ್ತಿ ಆತು.”

ಅಲ್ಲಾವುದ್ದೀನನ ಕಣ್ಣು ತುಂಬಿತು. ಒಂದು ವರ್ಷ ಕೊರಳಿಗೆ ಕಟ್ಟಿದ್ದ ಕಲ್ಲು ಕಳಚಿದಂತಾಗಿತ್ತು. ಯಲ್ಲೇಶನ ಹೆಗಲ ಮೇಲಿನ ಎರಡು ಕಾಳು ತೆಗೆದು ಅವನ ತಲೆಯ ಮೇಲೆಯೇ ಇಟ್ಟ.

ಯಲ್ಲೇಶ ಮಾತ್ರ ಸಪ್ಪಗಿದ್ದ. “ಕಾಕಾ, ಏನು ಮಾಡಿಬಿಟ್ರಿ ಇದು,” ಎಂದ ಪಿಸುದನಿಯಲ್ಲಿ. “ಇಷ್ಟು ದಿನಾ ಏನಾದ್ರೂ ತಪ್ಪು ನಿಮ್ಮ ಮೈಕಿನ ಮ್ಯಾಲೆ ಹಾಕ್ತಿದ್ವಿ. ಇನ್ನ ಮುಂದ ಎಲ್ಲಾ ನನ್ನ ಮ್ಯಾಲೇ ಬರ್ತೈತಲ್ರಿ.”

“ಬರ್ತೈತಿ,” ಎಂದಳು ರೇಷ್ಮಾ, ಒಂದು ಕ್ಷಣವೂ ತಡ ಮಾಡದೆ.